ಮನೆಮಗಳ ನೆಮ್ಮದಿ: ಮಂಡ್ಯ ಜಿಲ್ಲೆಯ ಒಂದು ಕ್ಷೇತ್ರಕಾರ್ಯದ ಪ್ರಕರಣ ಅಧ್ಯಯನ

ಕ್ಷೇತ್ರಕಾರ್ಯಕ್ಕೆ ಹೋದವರ ಭಾವನೆಗಳ ಬಗ್ಗೆ ನಮ್ಮ ಸಮಾಜವಿಜ್ಞಾನದ ವಲಯದಲ್ಲಿ ಮಾತು ಬಂದರೆ ಅದು ಬಹುಮಟ್ಟಿಗೆ ಸಂಕಟದ ಸುತ್ತಲೇ ನಡೆಯುತ್ತದೆ. ಒಂಟಿತನ, ಭಯ, ಸಾವಾದ ಮನೆಯಲ್ಲಿ ಕುಳಿತು ಪ್ರಶ್ನೆ ಕೇಳಬೇಕಾದ ಮುಜುಗರ, ಅಧಿಕಾರಿಗಳೆದುರು ಅದುಮಿಟ್ಟ ಸಿಟ್ಟು, ಇವಕ್ಕೆಲ್ಲ ಈಗ ಪ್ರಬಂಧಗಳ ವಿಧಾನದ ಅಧ್ಯಾಯದಲ್ಲಿ ಒಂದೆರಡು ಪ್ಯಾರಾಗಳಷ್ಟಾದರೂ ಜಾಗ ಸಿಗುತ್ತಿದೆ. ಜಾಗ ಸಿಗದಿರುವುದು ನೆಮ್ಮದಿಗೆ. "ಊರಿನವರು ನನ್ನನ್ನು ಮನೆಮಗಳಂತೆ ನೋಡಿಕೊಂಡರು" ಎಂಬ ವಾಕ್ಯ ನೇರವಾಗಿ ಕೃತಜ್ಞತೆಯ ಪುಟಕ್ಕೆ ಹೋಗುತ್ತದೆ. ಹಾಗೆ ನೋಡಿಕೊಂಡದ್ದರಿಂದ ಸಂಶೋಧಕಿಯ ಕಣ್ಣಿಗೆ ಏನು ಬಿತ್ತು, ಏನು ಬೀಳದೆ ಹೋಯಿತು ಎಂದು ವಿಧಾನದ ಅಧ್ಯಾಯ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಕೇಳಲೇಬೇಕೆಂಬುದು ನನಗೆ ಮನದಟ್ಟಾದದ್ದು ಕೆಳಗೆ ವಿವರಿಸಿರುವ ಪ್ರಕರಣದಿಂದ.

ಪ್ರಕರಣ ಒಬ್ಬ ಸಂಶೋಧಕಿಯದು. ಅವರ ಪಿಎಚ್‌ಡಿ ಮಾರ್ಗದರ್ಶಕನಾಗಿ, ಮೈಸೂರಿನಲ್ಲಿ ಕುಳಿತು ಅವರ ನೋಟ್‌ಬುಕ್‌ಗಳನ್ನು ತಿಂಗಳು ತಿಂಗಳೂ ಓದಿದವನು ನಾನು. ಅವರ ಒಪ್ಪಿಗೆಯಿಂದಲೂ ಊರಿನ ಇಬ್ಬರು ಮಹಿಳೆಯರ ಒಪ್ಪಿಗೆಯಿಂದಲೂ ಇದನ್ನು ಬರೆಯುತ್ತಿದ್ದೇನೆ. ಮೂರನೆಯ ಒಬ್ಬರ ಒಪ್ಪಿಗೆ ಭಾಗಶಃ ಮಾತ್ರ ಇದೆ. ಅದರ ವಿಚಾರ ಕೊನೆಯಲ್ಲಿ ಬರುತ್ತದೆ. ಊರಿನ ಹೆಸರನ್ನು ಹೇಳುತ್ತಿಲ್ಲ. ಮನೆಯವರ ಸಂಖ್ಯೆ, ವಯಸ್ಸು, ಜಮೀನಿನ ಅಳತೆ ಮುಂತಾದ ಗುರುತುಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ.

ಊರು ಮತ್ತು ಮನೆ

ಮಂಡ್ಯ ಮೈಸೂರುಗಳ ಸೀಮೆ ಕ್ಷೇತ್ರಕಾರ್ಯಕ್ಕೆ ಹೊಸ ನೆಲವಲ್ಲ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ರಾಗಿಯ ಹೊಲಗಳು ಭತ್ತ ಮತ್ತು ಕಬ್ಬಿನ ಗದ್ದೆಗಳಾಗತೊಡಗಿದವು. ಅದೇ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಶುರುವಾಯಿತು. ಈ ಬದಲಾವಣೆಯನ್ನು ನೋಡಲು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು 1954ರಿಂದ 1956ರವರೆಗೆ ಮಂಡ್ಯದ ಎರಡು ಊರುಗಳಲ್ಲಿ ಕೆಲಸ ಮಾಡಿದರು. ಒಂದರ ಜಮೀನಿಗೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. 1970ರಲ್ಲಿ ಅವರು ಮತ್ತೆ ಬಂದು ಅದೇ ಊರುಗಳನ್ನು ನೋಡಿದರು. ಅದಕ್ಕೂ ಮೊದಲು, 1948ರಲ್ಲಿ, ಮೈಸೂರಿನಲ್ಲೇ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರಿಗೆ ಸಮೀಪದ, ತಾವೇ ರಾಂಪುರ ಎಂದು ಕರೆದ ಊರಿನಲ್ಲಿ ಹೋಗಿ ನೆಲೆಸಿದ್ದರು. ಊರಿನ ಜಮೀನು, ಜನಬಲ, ಮಾತು ಎಲ್ಲವೂ ಯಾರ ಕೈಯಲ್ಲಿರುತ್ತವೆಯೋ ಅವರನ್ನು ಪ್ರಬಲ ಜಾತಿ ಎಂದು ಗುರುತಿಸಿ ಅವರು 1959ರಲ್ಲಿ ಬರೆದ ಲೇಖನದ ಬೇರು ಇರುವುದು ಆ ಊರಿನಲ್ಲಿ.

ಶ್ರೀನಿವಾಸ್ ಅವರ ವಿಷಯವನ್ನು ಇಲ್ಲಿ ಎತ್ತಲು ಇನ್ನೊಂದು ಕಾರಣವಿದೆ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಬೆಂಕಿ ಬಿದ್ದು, ರಾಂಪುರದ ಟಿಪ್ಪಣಿಗಳಿಂದ ವರ್ಷಗಟ್ಟಲೆ ಕೂತು ಅಣಿಗೊಳಿಸಿದ್ದ ಬರಹವೆಲ್ಲ ಸುಟ್ಟುಹೋಯಿತು. 1976ರಲ್ಲಿ ಪ್ರಕಟವಾದ ಅವರ ಪುಸ್ತಕ ಹೆಚ್ಚಾಗಿ ನೆನಪಿನಿಂದಲೇ ಬರೆದದ್ದು. ಅದರಲ್ಲಿ ಅವರು ತಾವು ಕಂಡದ್ದು ಮೇಲ್ಜಾತಿಯವರ ಕಡೆಯಿಂದ ಕಾಣುವ ಊರು ಎಂಬುದನ್ನೂ ಮುಚ್ಚಿಡದೆ ಒಪ್ಪಿಕೊಂಡಿದ್ದಾರೆ. ಊರಿನ ಪಟೇಲರ ಆಶ್ರಯ, ಗೆಳೆಯರ ಸಲಿಗೆ, ಇದ್ದ ಮನೆಯ ಜಾಗ, ಇವು ಮೂರೂ ಸೇರಿ ಒಬ್ಬ ಅಸಾಧಾರಣ ವಿದ್ವಾಂಸರ ನೋಟಕ್ಕೂ ಒಂದು ದಿಕ್ಕನ್ನು ಕೊಟ್ಟಿದ್ದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ನಮ್ಮ ವಿದ್ಯಾರ್ಥಿಗಳು ಊರಿಗೆ ಹೋಗಬೇಕು.

ನಮ್ಮ ಸಂಶೋಧಕಿ ಮದ್ದೂರು ಕಡೆಯ ಒಕ್ಕಲುತನದ ಮನೆಯವರು. ನೀರಾವರಿ ಊರಿನಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳು ಮುಂಗಡದ ಹಣಕ್ಕೂ ಕೆಲಸಕ್ಕೂ ಹೇಗೆ ಕಟ್ಟುಬೀಳುತ್ತಾರೆ ಎಂಬುದು ಅವರ ವಿಷಯ. ಅದಕ್ಕಾಗಿ ನಾಲೆಯ ಬಯಲಿನ, ಆಲೆಮನೆಗಳಿರುವ ಊರೊಂದನ್ನು ಆರಿಸಿಕೊಂಡರು. ಪರಿಚಯದವರ ಮೂಲಕ ಇಳಿದುಕೊಳ್ಳಲು ಸಿಕ್ಕಿದ್ದು ಕಬ್ಬು ಬೆಳೆಯುವ, ಸ್ವಂತ ಆಲೆಮನೆ ಇಟ್ಟುಕೊಂಡಿರುವ, ಅವರದೇ ಜಾತಿಯ ಒಂದು ತುಂಬಿದ ಮನೆ. ಮನೆಯ ಯಜಮಾನಿಯನ್ನು ಅವರು ಅವ್ವ ಎಂದು ಕರೆಯತೊಡಗಿದರು. ಅವ್ವ ಇವರನ್ನು "ಮಗ" ಎಂದರು, ಸೊಸೆ ಇವರಿಗೆ ಅತ್ತಿಗೆಯಾದರು. ಮೊದಲ ವಾರಗಳ ನೋಟ್‌ಬುಕ್ಕಿನಲ್ಲಿ ಈ ಮನೆಯ ಅಡುಗೆಯ ಬಗ್ಗೆಯೇ ಪುಟಗಟ್ಟಲೆ ಇದೆ. ಮುದ್ದೆಯನ್ನು ತೊಳಸುವಾಗ ಅವ್ವ ಕೋಲು ಹಿಡಿಯುವ ರೀತಿ, ಉಪ್ಸಾರಿಗೆ ಖಾರ ಅರೆಯುವ ಹೊತ್ತು, ತಡವಾಗಿ ಬಂದರೆ ಮುಚ್ಚಿಟ್ಟಿರುತ್ತಿದ್ದ ತಟ್ಟೆ. ಮೈಸೂರಿನ ಹಾಸ್ಟೆಲಿನಲ್ಲಿ ವರ್ಷಗಳನ್ನು ಕಳೆದಿದ್ದ ಹುಡುಗಿಗೆ ಅದು ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದು ಓದುವವರಿಗೆ ತಟ್ಟುವಂತಿದೆ, ಮತ್ತು ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆ ಪ್ರೀತಿ ನಿಜವಾದದ್ದು. ಈ ಪ್ರಕರಣ ಕಷ್ಟದ್ದಾಗಿರುವುದು ಅದು ನಿಜವಾದದ್ದಾದ್ದರಿಂದಲೇ.

ಎಡಪುಟದಲ್ಲಿ ಕಂಡದ್ದು

ನನ್ನ ಬಳಿ ಕೆಲಸ ಮಾಡುವವರಿಗೆ ಒಂದು ಕಟ್ಟಳೆ ಇದೆ. ನೋಟ್‌ಬುಕ್ಕಿನ ಬಲಪುಟದಲ್ಲಿ ಕಂಡದ್ದು, ಕೇಳಿದ್ದು. ಎಡಪುಟದಲ್ಲಿ ಅದೇ ಹೊತ್ತಿನ ತಮ್ಮ ಸ್ಥಿತಿ, ಎಂದರೆ ಸಿಟ್ಟು ಬಂತೇ, ಬೇಸರವಾಯಿತೇ, ಯಾರ ಮುಂದೆ ದನಿ ಏರಿತು, ಎಲ್ಲಿಂದ ಎದ್ದು ಬರಬೇಕೆನಿಸಿತು ಎಂಬುದು. ಇದು ನಾನು ಕಂಡುಹಿಡಿದದ್ದಲ್ಲ, ಬೇರೆ ಬೇರೆ ರೂಪದಲ್ಲಿ ಅನೇಕರು ಅನುಸರಿಸುವ ಕ್ರಮ. ಎರಡು ಪುಟಗಳನ್ನೂ ಒಟ್ಟಿಗೆ ಓದಿದಾಗಲೇ ಅದರ ಪ್ರಯೋಜನ.

ಹಾಗೆ ಓದುವಾಗ ನನಗೆ ಕಂಡದ್ದು ಇಷ್ಟು. ಆಲೆಮನೆಯ ದಿನಗಳ ಬಲಪುಟಗಳು ತುಂಬಿ ತುಳುಕುತ್ತಿದ್ದವು. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುವುದು, ಒಲೆಯ ಬಾಯಿಗೆ ಒಣಸಿಪ್ಪೆ ತಳ್ಳುವವರು ಬೆಂಕಿಯ ಸದ್ದಿನಿಂದಲೇ ಉರಿಯನ್ನು ಅಳೆಯುವುದು, ಪಾಕ ನೋಡುವ ಹಿರಿಯ ಕೆಲಸಗಾರ ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ಹದ ಹೇಳುವುದು, ಹೆಣ್ಣಾಳುಗಳು ಹಸಿ ಸಿಪ್ಪೆಯನ್ನು ಹೊತ್ತು ಬಯಲಲ್ಲಿ ಹರವುವುದು, ಎಲ್ಲವೂ ಇತ್ತು. ಆ ಹೆಣ್ಣಾಳುಗಳು ವಾಸವಿರುವ ದಲಿತರ ಕೇರಿಗೆ ಹೋದ ದಿನಗಳ ಬಲಪುಟ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು, ಎದುರಿನ ಎಡಪುಟದಲ್ಲಿ ಪ್ರತಿಸಲವೂ "ಆಯಾಸ", "ತಲೆನೋವು", "ಬಿಸಿಲು ಜಾಸ್ತಿ, ಬೇಗ ಬಂದೆ" ಎಂದಿರುತ್ತಿತ್ತು. ಒಲೆಯ ಝಳದಲ್ಲಿ ಇಡೀ ದಿನ ನಿಂತ ದಿನ ಇಲ್ಲದ ಆಯಾಸ ಕೇರಿಯ ಜಗಲಿಯಲ್ಲಿ ಒಂದು ಗಂಟೆ ಕುಳಿತಾಗ ಬರುತ್ತಿತ್ತು.

ಆಯಾಸ ಬಹಳ ಸಭ್ಯವಾದ ಅನುಭವ. ಅದನ್ನು ಬರೆಯಲು ಯಾರಿಗೂ ಸಂಕೋಚವಾಗುವುದಿಲ್ಲ, ಓದುವ ಮಾರ್ಗದರ್ಶಕರೂ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಒಂದೇ ಜಾಗಕ್ಕೆ ಅಂಟಿಕೊಂಡು ಬರುವ ಆಯಾಸ ಮೈಯದ್ದಾಗಿರುವ ಸಂಭವ ಕಡಿಮೆ. ಇದನ್ನು ನಾನು ಅವರಿಗೆ ತೋರಿಸಿದಾಗ ಅವರು ಒಪ್ಪಲಿಲ್ಲ; ಕೇರಿಗೆ ಹೋಗುವುದು ಮಧ್ಯಾಹ್ನ, ಅದಕ್ಕೆ ಹಾಗೆ ಎಂದರು. ಅದೂ ಸುಳ್ಳಾಗಿರಲಿಲ್ಲ. ಹೆಣ್ಣಾಳುಗಳಿಗೆ ಬಿಡುವಿರುತ್ತಿದ್ದುದೇ ಆ ಹೊತ್ತಿನಲ್ಲಿ.

ಕೆಲ ವಾರಗಳ ನಂತರ ತಂದ ನೋಟ್‌ಬುಕ್ಕಿನಲ್ಲಿ ಒಂದು ದಿನದ ಬಲಪುಟ ಎಂದಿಗಿಂತ ಉದ್ದವಾಗಿತ್ತು. ಸಿಪ್ಪೆ ಹರವುವ ಮಹಿಳೆಯೊಬ್ಬರು ಅಂದು ಮೊದಲ ಬಾರಿಗೆ ತಮ್ಮ ಮುಂಗಡದ ಲೆಕ್ಕವನ್ನು ಬಿಡಿಸಿ ಹೇಳಿದ್ದರು, ಸಂಶೋಧಕಿ ಅವರ ಮನೆಯೊಳಗೆ ಕುಳಿತು ಟೀ ಕುಡಿದಿದ್ದರು, ಅವರನ್ನು ಮನಸಾರೆ ಅಕ್ಕ ಎಂದು ಕರೆದಿದ್ದರು. ಎದುರಿನ ಎಡಪುಟ ಖಾಲಿ ಇತ್ತು. ಆಯಾಸ ಎಂದೂ ಬರೆದಿರಲಿಲ್ಲ.

ಆ ಸಂಜೆಯ ಪ್ರಶ್ನೆ

ಖಾಲಿ ಪುಟದ ಬಗ್ಗೆ ಕೇಳಿದ ಮೇಲೆ ಅವರು ಹೇಳಿದ್ದನ್ನು, ಆಮೇಲೆ ಅವರೇ ಬರೆದುಕೊಟ್ಟಂತೆ, ಇಲ್ಲಿ ಕೊಡುತ್ತಿದ್ದೇನೆ. ಕೇರಿಯಿಂದ ಮನೆಗೆ ಬಂದಾಗ ಸಂಜೆಯಾಗಿತ್ತು. ಅವ್ವ ನಡುಮನೆಯಲ್ಲಿ ಕುಳಿತು ದೊಡ್ಡ ಪಾತ್ರೆಯಲ್ಲಿ ನೆನೆಸಿದ್ದ ಅವರೆಕಾಳನ್ನು ಹಿಚುಕುತ್ತಿದ್ದರು. ಇವರೂ ಎದುರು ಕುಳಿತು ಅದೇ ಪಾತ್ರೆಗೆ ಕೈ ಹಾಕಿದರು. ಸ್ವಲ್ಪ ಹೊತ್ತು ಆಲೆಮನೆಯ ಮಾತು, ಬೆಲ್ಲದ ರೇಟಿನ ಮಾತು ನಡೆಯಿತು. ಆಮೇಲೆ ಅವ್ವ ತಲೆ ಎತ್ತದೆ ಕೇಳಿದರು:

"ಅಲ್ಲೇನಾರ ತಕ್ಕಂಡ್ಯಾ ಮಗ?"

"ಇಲ್ಲ ಕಣವ್ವ."

"ಸರಿ ಬುಡು. ಬಿಸ್ಲಲ್ಲಿ ಅಲ್ದು ಬಂದಿದ್ದೀಯ, ಒಂದ್ ಗಳಿಗೆ ಒರಿಕ್ಕೊ."

ನಡೆದದ್ದು ಇಷ್ಟೇ. ಅವ್ವ ಗದರಲಿಲ್ಲ, ಜಾತಿಯ ಹೆಸರು ಎತ್ತಲಿಲ್ಲ, ಅಲ್ಲಿಗೆ ಹೋಗಬೇಡ ಎನ್ನಲಿಲ್ಲ. ದನಿಯಲ್ಲಿ ಇದ್ದದ್ದು ಕಾಳಜಿಯೇ. ಕುಡಿದೆ ಎಂದಿದ್ದರೂ ಅವ್ವ ಏನೂ ಹೇಳದೆ ಇರಬಹುದಿತ್ತು. ಆದರೆ ಉತ್ತರ ಕೊಡುವ ಆ ಕ್ಷಣದಲ್ಲಿ ಸಂಶೋಧಕಿಯ ಗಮನ ಹೋಗಿದ್ದು ಅವ್ವನ ಮುಖದ ಕಡೆಗಲ್ಲ, ಪಾತ್ರೆಯೊಳಗಿದ್ದ ತಮ್ಮ ಕೈಗಳ ಕಡೆಗೆ. ಕುಡಿದೆ ಎಂದರೆ ಆ ಕಾಳನ್ನು ಏನು ಮಾಡುತ್ತಾರೆ ಎಂಬ ಯೋಚನೆ ಬಂದು, ಅದು ಮುಗಿಯುವುದರೊಳಗೆ ಬಾಯಿಂದ ಇಲ್ಲ ಎಂದು ಹೊರಟುಹೋಗಿತ್ತು. ಅದರ ಬೆನ್ನಿಗೇ, ಅವರದೇ ಮಾತಿನಲ್ಲಿ, "ಸದ್ಯ, ತಪ್ಪಿತು" ಎಂಬ ನಿರಾಳ. ನಾಚಿಕೆ ಬಂದದ್ದು ರಾತ್ರಿ, ಮಲಗಿದ ಮೇಲೆ, ಆ ನಿರಾಳವನ್ನು ನೆನೆದು. ಸುಳ್ಳು ಹೇಳಿದ್ದಕ್ಕಿಂತ ಅದರಿಂದ ಸಮಾಧಾನವಾಗಿದ್ದು ಅವರನ್ನು ಹೆಚ್ಚು ಕಾಡಿತು.

ಈ ನಿರಾಳವನ್ನೇ ನಾನು ಪ್ರಕರಣದ ನಡುಕೇಂದ್ರ ಎಂದು ಭಾವಿಸುತ್ತೇನೆ. ಅಸ್ಪೃಶ್ಯತೆಯ ಆಚರಣೆಯನ್ನು ಸಂವಿಧಾನದ 17ನೆಯ ವಿಧಿ ನಿಷೇಧಿಸಿದೆ. 1955ರ ಮತ್ತು 1989ರ ಕಾಯಿದೆಗಳು ಬಾವಿ, ಹೋಟೆಲು, ದೇವಸ್ಥಾನಗಳಲ್ಲಿ ತಡೆಯುವುದರಿಂದ ಹಿಡಿದು ದೌರ್ಜನ್ಯದವರೆಗೆ ಅನೇಕ ಕೃತ್ಯಗಳನ್ನು ಶಿಕ್ಷಾರ್ಹವಾಗಿಸಿವೆ. ಈ ನಡುಮನೆಯಲ್ಲಿ ಅಂಥ ಯಾವ ಕೃತ್ಯವೂ ನಡೆಯಲಿಲ್ಲ. ಪ್ರಶ್ನಾವಳಿ ಹಿಡಿದು ಬಂದವರಿಗೆ ಈ ಮನೆಯವರು ನಮ್ಮಲ್ಲಿ ಅದೆಲ್ಲ ಈಗಿಲ್ಲ ಎಂದೇ ಹೇಳುತ್ತಿದ್ದರು, ಮತ್ತು ಹಾಗೆ ಹೇಳುವಾಗ ಅವರು ನಟಿಸುತ್ತಿರಲಿಲ್ಲ. ಹಾಗಿದ್ದರೂ ಗೆರೆ ಇತ್ತು. ಅದನ್ನು ಕಾಯುತ್ತಿದ್ದುದು ಪ್ರೀತಿಯನ್ನು ಕಳೆದುಕೊಳ್ಳುವ ಅಂಜಿಕೆ. ಅದು ಹೊರಗಿನ ಕಣ್ಣಿಗೆ ಕಾಣುವಂಥದ್ದಲ್ಲ, ಆ ಪ್ರೀತಿಗೆ ಒಳಗಾದವರ ಮೈಗೆ ಮಾತ್ರ ಗೊತ್ತಾಗುವಂಥದ್ದು.

ಭಾವನೆಯನ್ನು ಸಾಕ್ಷ್ಯವೆಂದು ಎಷ್ಟು ನಂಬಬಹುದು

ಸಂಶೋಧಕರ ಒಳಗಿನ ಕ್ಷೋಭೆಯನ್ನು ಅಧ್ಯಯನದಿಂದ ಹೊರಗಿಡಬೇಕಾದ ಕಸವೆಂದು ನೋಡುವ ರೂಢಿ ಅಲುಗಾಡಿದ್ದು 1960ರ ದಶಕದ ಕೊನೆಗೆ. ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಬದುಕಿ, ಒಳಗಿನವರ ಕಣ್ಣಿನಿಂದ ಲೋಕವನ್ನು ನೋಡುವುದೇ ಗುರಿ ಎಂದು ಕಲಿಸಿದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಅವರ ಖಾಸಗಿ ದಿನಚರಿ, ಅವರು ತೀರಿಕೊಂಡು ಎರಡು ದಶಕಗಳು ಕಳೆದ ಮೇಲೆ, 1967ರಲ್ಲಿ ಹೊರಬಂತು. ಅದರ ತುಂಬ ಆ ಜನರ ಮೇಲಿನ ಅಸಹನೆ, ಬೇಸರ, ಮನೆಯ ಹಂಬಲ, ಕಾಯಿಲೆಯ ಭಯ. ಅದೇ ವರ್ಷ ಇನ್ನೊಬ್ಬ ಮಾನವಶಾಸ್ತ್ರಜ್ಞ ಜಾರ್ಜ್ ಡೆವರೂ ಅವರು, ಮನುಷ್ಯರನ್ನು ಅಧ್ಯಯನ ಮಾಡುವವರಲ್ಲಿ ಏಳುವ ಕಳವಳವೂ ಅದನ್ನು ಮುಚ್ಚಿಕೊಳ್ಳಲು ಅವರು ಹೂಡುವ ಉಪಾಯಗಳೂ ಈ ಶಾಸ್ತ್ರಗಳ ಬಹುಮುಖ್ಯ ಸಾಮಗ್ರಿ ಎಂದು ವಾದಿಸಿದರು. ಕೇರಿಯ ದಿನಗಳ ಆಯಾಸವನ್ನು ಅಂಥ ಒಂದು ಉಪಾಯವಾಗಿ ಓದುವ ಧೈರ್ಯ ನನಗೆ ಬಂದದ್ದು ಅವರಿಂದ. ಮಾನವಶಾಸ್ತ್ರಜ್ಞ ರೆನಾಟೊ ರೊಸಾಲ್ಡೊ ಅವರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ: ಫಿಲಿಪೈನ್ಸ್‌ನ ಇಲೊಂಗೊಟ್ ಬುಡಕಟ್ಟಿನ ಹಿರಿಯರು ದುಃಖದೊಳಗಿನ ಸಿಟ್ಟಿನ ಬಗ್ಗೆ ಹೇಳಿದ್ದು ಅವರಿಗೆ ಅರ್ಥವಾದದ್ದು 1981ರಲ್ಲಿ, ಕ್ಷೇತ್ರಕಾರ್ಯದಲ್ಲಿದ್ದ ಹೆಂಡತಿ ಮಿಶೆಲ್ ಕಾಲು ಜಾರಿ ಬಿದ್ದು ತೀರಿಕೊಂಡ ಮೇಲೆ.

ನಮ್ಮ ಪ್ರಕರಣಕ್ಕೆ ಹೆಚ್ಚು ಹತ್ತಿರವಾದದ್ದು ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್ ಅವರದು. 1960ರ ದಶಕದಲ್ಲಿ ಕೆನಡಾದ ಉತ್ತರ ತುದಿಯ ಇನ್ಯುಯಿಟ್ ಕುಟುಂಬವೊಂದು ಅವರನ್ನು ಮಗಳಾಗಿ ಸ್ವೀಕರಿಸಿತ್ತು. ಆ ಜನರ ದೋಣಿಯನ್ನು ಹೊರಗಿನಿಂದ ಬಂದ ಬಿಳಿಯ ಮೀನುಬೇಟೆಗಾರರು ಕೇಳಿದಾಗ ಬ್ರಿಗ್ಸ್ ಆ ಬಿಳಿಯರ ಮೇಲೆ ಸಿಟ್ಟಾದರು; ಸಿಟ್ಟು ತೋರಿಸುವುದನ್ನೇ ಸಹಿಸದ ಆ ಸಮುದಾಯ ತಿಂಗಳುಗಟ್ಟಲೆ ಅವರನ್ನು ಮೆಲ್ಲಗೆ ದೂರವಿಟ್ಟಿತು. ಮಗಳಾಗುವುದೆಂದರೆ ಆ ಮನೆಯ ಭಾವನೆಯ ಕಟ್ಟಳೆಗಳಿಗೂ ಒಳಪಡುವುದು ಎಂಬುದು ಅವರಿಗೆ ತಿಳಿದದ್ದು ಕಟ್ಟಳೆ ಮುರಿದ ಮೇಲೆ. ಮಂಡ್ಯದ ನಮ್ಮ ಸಂಶೋಧಕಿಗೆ ಅದು ತಿಳಿದದ್ದು ಕಟ್ಟಳೆಯನ್ನು ಪಾಲಿಸಿದ್ದರಿಂದ.

ಇಷ್ಟರಿಂದ ಆ ನಿರಾಳವನ್ನು ಊರಿನ ಬಗೆಗಿನ ಸಾಕ್ಷ್ಯವೆಂದು ಒಪ್ಪಿಬಿಡಲು ಬರುವುದಿಲ್ಲ. ಅದು ಈ ಮನೆಯದೋ ಅಥವಾ ಸಂಶೋಧಕಿ ಬಾಲ್ಯದಿಂದ ಹೊತ್ತುತಂದದ್ದೋ ಎಂಬ ಸಂಶಯ ನ್ಯಾಯವಾದದ್ದು. ತನ್ನ ಊರಿನಲ್ಲಿ ತನಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಏಕೆಂದರೆ ಅಲ್ಲಿನ ಕೇರಿಯ ಮನೆಯೊಳಗೆ ತಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ ಎಂದು ಅವರು ಬರೆದುಕೊಂಡರು. ಹಾಗಾದರೆ ಉತ್ತರ ಮೊದಲೇ ಅವರೊಳಗೆ ಇತ್ತು, ಅವ್ವನ ಪ್ರಶ್ನೆ ಅದನ್ನು ಹೊರಗೆ ತಂದಿತು. ಭಾವನೆ ಎಲ್ಲಿ ಹುಡುಕಬೇಕು ಎಂಬುದನ್ನು ಹೇಳಬಲ್ಲದು. ಏನು ಸಿಗುತ್ತದೆ ಎಂಬುದನ್ನು ಹುಡುಕಿಯೇ ತಿಳಿಯಬೇಕು. ಈ ವಿಷಯದಲ್ಲಿ ನನಗೆ ಯಾವ ಮೆದುತನವೂ ಇಲ್ಲ: ತನ್ನ ಭಾವನೆಯನ್ನು ಬರೆದ ಮಾತ್ರಕ್ಕೆ ಕ್ಷೇತ್ರದ ಸತ್ಯವನ್ನು ಬರೆದಂತಾಯಿತು ಎಂದುಕೊಳ್ಳುವ ಬರಹಗಳು ಈಚೆಗೆ ಹೆಚ್ಚುತ್ತಿವೆ, ಅವು ಊರಿನವರನ್ನು ಸಂಶೋಧಕರ ಆತ್ಮಕಥೆಯ ಹಿನ್ನೆಲೆಯಾಗಿಸುತ್ತವೆ.

ಪರಿಶೀಲನೆ ಶುರುವಾದದ್ದು ಅತ್ತಿಗೆಯಿಂದ. ಹಿತ್ತಲಿನಲ್ಲಿ ಪಾತ್ರೆ ಉಜ್ಜುವಾಗ ಸಂಶೋಧಕಿ ತಾವು ಅವ್ವನಿಗೆ ಇಲ್ಲವೆಂದದ್ದನ್ನು ಹೇಳಿದರು. ಅತ್ತಿಗೆ ಕೈ ನಿಲ್ಲಿಸದೆ, "ನೀನು ಒಂದ್ ಸತಿ ಅಂದೆ. ನಾನು ಮದ್ವೆಯಾಗಿ ಬಂದಾಗ್ಲಿಂದ ಅಂತಾನೇ ಇವ್ನಿ" ಎಂದರು. ಸ್ತ್ರೀಶಕ್ತಿ ಸಂಘದ ಸಭೆಗೆಂದು ಕೇರಿಗೆ ಹೋದಾಗಲೆಲ್ಲ ಅವರೂ ಅಲ್ಲಿ ಏನಾದರೂ ತೆಗೆದುಕೊಳ್ಳುತ್ತಿದ್ದರು, ಮನೆಗೆ ಬಂದು ಇಲ್ಲವೆನ್ನುತ್ತಿದ್ದರು. ಅತ್ತೆಗೆ ಗೊತ್ತಿರಬಹುದೇ ಎಂಬ ಪ್ರಶ್ನೆಗೆ, ಗೊತ್ತಿದ್ದರೂ ಕೇಳಿದಾಗ ಇಲ್ಲವೆಂದರೆ ಅವರಿಗೆ ಸಾಕು ಎಂದರು. ಅಂದರೆ ಆ ಪ್ರಶ್ನೆ ಮಾಹಿತಿಗಾಗಿ ಕೇಳುವಂಥದ್ದಾಗಿರಲಿಲ್ಲ. ಇಲ್ಲ ಎನ್ನುವುದರ ಮೂಲಕ ಮನೆಯವಳಾಗಿ ಉಳಿಯುವ ಅವಕಾಶವನ್ನು ಅದು ಕೊಡುತ್ತಿತ್ತು. ಸಂಶೋಧಕಿ ತನ್ನೊಬ್ಬಳ ದೌರ್ಬಲ್ಯ ಎಂದುಕೊಂಡದ್ದು ಆ ಮನೆಯ ಹೆಣ್ಣುಮಕ್ಕಳ ನಡುವೆ ಚಾಲ್ತಿಯಲ್ಲಿದ್ದ ನಡವಳಿಕೆಯಾಗಿತ್ತು.

ಟೀ ಕೊಟ್ಟವರ ಮಾತು

ಎರಡನೆಯ ಪರಿಶೀಲನೆ ಕೇರಿಯಲ್ಲಿ. ಇದಕ್ಕೆ ಸಂಶೋಧಕಿ ಬಹಳ ಹಿಂದೆಮುಂದೆ ನೋಡಿದರು, ನಾನೂ ಅವಸರಿಸಲಿಲ್ಲ. ತಪ್ಪೊಪ್ಪಿಕೊಂಡು ಹಗುರಾಗಲೆಂದು ಹೋಗುವುದಾದರೆ ಹೋಗದಿರುವುದೇ ಮೇಲು, ಆ ಭಾರವನ್ನು ಇಳಿಸಿಕೊಳ್ಳುವ ಕೆಲಸವನ್ನು ಸಿಪ್ಪೆ ಹರವಿ ದಣಿದು ಬಂದ ಹೆಂಗಸಿಗೆ ಒಪ್ಪಿಸಬಾರದು ಎಂಬುದು ನನ್ನ ನಿಲುವಾಗಿತ್ತು. ಕೊನೆಗೆ ಮಾತು ತಾನಾಗಿ ಬಂತು. ಆಲೆಮನೆಯ ಅಂಗಳದಲ್ಲಿ, ಮನೆಯ ಗಂಡಸರ ಎದುರು, ಸಂಶೋಧಕಿ ತನ್ನನ್ನು ಅಕ್ಕ ಎನ್ನುವುದಿಲ್ಲ ಎಂಬುದನ್ನು ಆ ಮಹಿಳೆ ಮೊದಲೇ ಗಮನಿಸಿದ್ದರು. ಒಂದು ಮಧ್ಯಾಹ್ನ ಅವರೇ ಹೇಳಿದರು:

"ನೀನು ಇಲ್ಲಿ ಟೀ ಕುಡ್ದುದ್ದ ಅಲ್ಲಿ ಯೋಳಿರಕಿಲ್ಲ ಅಂತ ನಂಗೊತ್ತು. ಯೋಳ್ಬೇಡ ಕಣವ್ವ. ನಂಗೂ ಕೆಲ್ಸ ಬೇಕು."

ಸುಳ್ಳಿನ ಇನ್ನೊಂದು ಮುಖ ಇದು. ಸಂಶೋಧಕಿಗೆ ನಾಚಿಕೆ ತಂದ ಮಾತು ಈ ಮಹಿಳೆಯ ಕೂಲಿಯನ್ನು ಕಾಯುತ್ತಿತ್ತು. ಅವ್ವನ ಎದುರು ಧೈರ್ಯದಿಂದ ನಿಜ ಹೇಳಿದ್ದರೆ ಸಂಶೋಧಕಿಗೆ ಆಗಬಹುದಾಗಿದ್ದ ನಷ್ಟ ಸ್ವಲ್ಪ ಮುನಿಸು. ಮನೆಮಗಳನ್ನು ಒಳಗೆ ಕರೆದು ಕೂರಿಸಿಕೊಂಡವರು ಯಾರು ಎಂಬ ಪ್ರಶ್ನೆ ಎದ್ದು ಅದರ ಪರಿಣಾಮ ಬೀಳುತ್ತಿದ್ದುದು ಬೇರೆಯವರ ಮೇಲೆ. ಪ್ರಾಮಾಣಿಕತೆಯನ್ನು ಸಂಶೋಧಕರ ಮನಸ್ಸಿನ ಶುದ್ಧಿಯಾಗಿ ಮಾತ್ರ ನೋಡುವ ನೀತಿಪಾಠಗಳು ಈ ಲೆಕ್ಕವನ್ನು ಹಾಕುವುದಿಲ್ಲ.

ಆಮೇಲಿನ ಮಾತುಕತೆಯಲ್ಲಿ ಅವ್ವನ ಬಗ್ಗೆ ಆ ಮಹಿಳೆ ಹೇಳಿದ್ದು ಇಡೀ ಪ್ರಬಂಧದ ದಿಕ್ಕನ್ನೇ ಬದಲಿಸಿತು. "ಅವ್ವೋರು ಒಳ್ಳೇವ್ರೆ ಕಣವ್ವ. ಅದ್ಕೇ ಜಾಸ್ತಿ ಕೇಳಕಾಗಕಿಲ್ಲ." ಮಗಳ ಹೆರಿಗೆಯಲ್ಲಿ ಅವ್ವ ಅಕ್ಕಿ ಕಳಿಸಿದ್ದರು, ಹಬ್ಬಕ್ಕೆ ತಾವು ಉಟ್ಟ ಸೀರೆ ಕೊಡುತ್ತಿದ್ದರು, ಕಾಯಿಲೆಯಾದಾಗ ಯಜಮಾನರಿಗೆ ಹೇಳದೆ ಹಿತ್ತಲ ಬಾಗಿಲಲ್ಲಿ ದುಡ್ಡು ಕೊಟ್ಟಿದ್ದರು. ಇವು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಬರೆದಿಟ್ಟ ಮುಂಗಡವನ್ನು ದುಡಿದು ತೀರಿಸಬಹುದು. ಇವನ್ನು ತೀರಿಸಲು ದಾರಿಯಿಲ್ಲ. ಹಾಗಾಗಿ ಪಕ್ಕದ ಆಲೆಮನೆಯಲ್ಲಿ ಹೆಚ್ಚು ಕೂಲಿ ಕೊಡುತ್ತಾರೆಂದು ತಿಳಿದಿದ್ದರೂ ಹೋಗಲು ಬಾಯಿ ಬರುತ್ತಿರಲಿಲ್ಲ, ಇಲ್ಲೇ ಹೆಚ್ಚು ಕೇಳಲೂ ಬರುತ್ತಿರಲಿಲ್ಲ.

ಸಂಶೋಧಕಿ ಹಳೆಯ ನೋಟ್‌ಬುಕ್‌ಗಳಿಗೆ ಹಿಂದಿರುಗಿ ನೋಡಿದಾಗ ಅಕ್ಕಿ, ಸೀರೆ, ಹಿತ್ತಲ ಬಾಗಿಲಿನ ಸಾರು ಎಲ್ಲವೂ ಬಲಪುಟಗಳಲ್ಲೇ ಇದ್ದವು. ಅವುಗಳನ್ನೆಲ್ಲ ಅವರು ಅವ್ವನ ಒಳ್ಳೆಯತನದ ಗುರುತುಗಳಾಗಿ, ಮೆಚ್ಚುಗೆಯಿಂದ ಬರೆದಿದ್ದರು. ಅವು ಒಳ್ಳೆಯತನದ ಗುರುತುಗಳೇ ಹೌದು. ಕೂಲಿಯ ಏರ್ಪಾಟಿನ ಭಾಗವೂ ಹೌದು ಎಂಬುದು ಅವರಿಗೆ ಹೊಳೆಯದಿರಲು ಕಾರಣ, ತಾವೂ ಅದೇ ಕೈಯಿಂದ ತೆಗೆದುಕೊಳ್ಳುತ್ತಿದ್ದುದು. ಮುಚ್ಚಿಟ್ಟ ತಟ್ಟೆಯನ್ನು ತೆರೆದು ಉಂಡವರಿಗೆ ಹಿತ್ತಲ ಬಾಗಿಲಲ್ಲಿ ಕೊಟ್ಟ ಸಾರು ಲೆಕ್ಕದ ವಿಷಯವಾಗಿ ಕಾಣುವುದು ಸುಲಭವಲ್ಲ. ಇಬ್ಬರನ್ನೂ ಕಟ್ಟಿಹಾಕಿದ್ದು ಒಂದೇ ಅಂತಃಕರಣ, ಆದರೆ ಒಬ್ಬರು ನಡುಮನೆಯಲ್ಲಿ, ಇನ್ನೊಬ್ಬರು ಹಿತ್ತಲಲ್ಲಿ. ಒಬ್ಬರು ಪ್ರಬಂಧ ಮುಗಿಸಿ ಹೊರಡುವವರು, ಇನ್ನೊಬ್ಬರು ಮರುದಿನವೂ ಸಿಪ್ಪೆ ಹರವಬೇಕಾದವರು. ಈ ಅಂತರವನ್ನು ಮರೆತು ನಾವಿಬ್ಬರೂ ಒಂದೇ ಎಂದು ಬರೆದುಬಿಡುವ ಸೆಳೆತ ಮೊದಲ ಕರಡಿನಲ್ಲಿ ಇತ್ತು, ಅದನ್ನು ತೆಗೆಸಿದೆ.

ಮನೆ ಬಿಟ್ಟದ್ದು

ಕ್ಷೇತ್ರಕಾರ್ಯದ ಉಳಿದ ಅವಧಿಗೆ ಎಲ್ಲಿರಬೇಕು ಎಂಬ ಪ್ರಶ್ನೆ ಬಂತು. ಕೇರಿಯಲ್ಲೇ ಒಂದು ಕೋಣೆ ಹಿಡಿಯುವುದಾಗಿ ಸಂಶೋಧಕಿ ಹೇಳಿದರು. ಅದರಲ್ಲಿ ಪ್ರಾಯಶ್ಚಿತ್ತದ ಆವೇಶ ಹೆಚ್ಚಾಗಿತ್ತು; ಕೇರಿಯವರೇ ಅದನ್ನು ಬೇಡವೆಂದರು, ನಾಳೆ ಉತ್ತರ ಹೇಳಬೇಕಾದವರು ತಾವು ಎಂದರು. ಕೊನೆಗೆ ಹೋಬಳಿ ಕೇಂದ್ರದ ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಕೋಣೆ ಹಿಡಿದು, ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆ ಬರುವುದೆಂದ ಮೇಲೆ ಎರಡು ಕಡೆಯವರಿಗೂ ಅದು ನುಂಗುವಂಥದ್ದಾಯಿತು. ಪ್ರಬಂಧ ಬರೆಯುವ ಕೆಲಸ ಹೆಚ್ಚಾಗಿದೆ ಎಂಬುದು ಅವ್ವನಿಗೆ ಹೇಳಿದ ಕಾರಣ. "ಯಾಕವ್ವ, ಊಟ ಸರಿಯಾಗ್ನಿಲ್ವಾ?" ಎಂದು ಅವರು ಕೇಳಿದರಂತೆ. ಹೊರಡುವ ದಿನ ಹಿಟ್ಟು, ಹುರುಳಿಕಾಳು, ಆಲೆಮನೆಯ ಅಚ್ಚುಬೆಲ್ಲ ಕಟ್ಟಿಕೊಟ್ಟರು. ಅವ್ವನ ಮುಖದಲ್ಲಿದ್ದ ನೋವನ್ನು ಸಂಶೋಧಕಿ ಎಡಪುಟದಲ್ಲಿ ಬಹಳ ವಿವರವಾಗಿ ಬರೆದಿದ್ದಾರೆ, ಅದನ್ನು ಓದಿದಾಗ ನನಗೂ ಸಂಕಟವಾಯಿತು.

ಕೋಣೆಗೆ ಹೋದ ನಂತರದ ನೋಟ್‌ಬುಕ್‌ಗಳಲ್ಲಿ ಕೇರಿಯ ಬಲಪುಟಗಳು ತುಂಬಿವೆ. ಎಡಪುಟಗಳಲ್ಲಿ ಆಯಾಸ ಈಗಲೂ ಬರುತ್ತದೆ, ಬಸ್ಸು ತಪ್ಪಿದ ದಿನ, ಜ್ವರದ ದಿನ, ಎಲ್ಲಿಗೆ ಹೋಗಿದ್ದರೂ ಬರುತ್ತದೆ. ಒಂದೇ ಜಾಗಕ್ಕೆ ಅಂಟಿಕೊಂಡು ಬರುವುದು ನಿಂತಿದೆ. ಅದರ ಬದಲು ಹೊಸದೊಂದು ಕಾಣಿಸಿಕೊಂಡಿದೆ: ಅವ್ವನ ಮನೆಯ ಬಗ್ಗೆ ಬರೆಯುವಾಗ ಮಾತು ಬಿಗಿಯಾಗುತ್ತದೆ, ಮೊದಲು ಕಾಣುತ್ತಿದ್ದ ಅಡುಗೆಮನೆಯ ವಿವರಗಳೇ ಮಾಯವಾಗಿವೆ. ಆ ಬಿಗಿತವನ್ನೂ ಓದಬೇಕೆಂದು ಹೇಳಿದ್ದೇನೆ. ಕೇರಿಯ ಕಡೆಗೆ ವಾಲಿದ ಅಪರಾಧಭಾವ ಅವ್ವನನ್ನು ಬರೀ ಯಜಮಾನಿಯಾಗಿಸಿಬಿಟ್ಟರೆ, ಒಳ್ಳೆಯವರಾದ್ದರಿಂದಲೇ ಕೇಳಲಾಗುವುದಿಲ್ಲ ಎಂಬ ಮಾತಿನ ಅರ್ಧಭಾಗ ಕಳೆದುಹೋಗುತ್ತದೆ.

ಬರೆಯುವ ಪ್ರಶ್ನೆ

ಈ ಪ್ರಸಂಗವನ್ನು ಪ್ರಬಂಧದಲ್ಲಿ ಎಲ್ಲಿಡಬೇಕು ಎಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿತ್ತು. ಕರಡು ಓದಿದ ಸಹೋದ್ಯೋಗಿಯೊಬ್ಬರು ಇದನ್ನು ಅನುಬಂಧಕ್ಕೆ ಹಾಕಿ ಎಂದರು. ಸಂಶೋಧಕಿಯೇ ಮುಖ್ಯಪಾತ್ರವಾದರೆ ಕೂಲಿಯ ವಿಷಯ ಮಸುಕಾಗುತ್ತದೆ ಎಂಬುದು ಅವರ ಆತಂಕ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಕೊಡುಗೆಗಳು ಕೂಲಿಯ ಕೇಳಿಕೆಯನ್ನು ತಡೆಯುತ್ತವೆ ಎಂಬ ತೀರ್ಮಾನಕ್ಕೆ ಹೇಗೆ ಬಂದಿರಿ ಎಂದು ಓದುಗರು ಕೇಳಿದರೆ, ನಡುಮನೆಯ ಆ ಸಂಜೆಯನ್ನು ಬಿಟ್ಟು ಉತ್ತರ ಹೇಳಲಾಗುವುದಿಲ್ಲ. ತೀರ್ಮಾನಕ್ಕೆ ತಂದ ದಾರಿಯನ್ನು ಮುಚ್ಚಿಟ್ಟು ತೀರ್ಮಾನವನ್ನಷ್ಟೇ ಕೊಟ್ಟರೆ ಅದನ್ನು ಪರೀಕ್ಷಿಸಲು ಓದುಗರಿಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಕೂಲಿಯ ಅಧ್ಯಾಯದೊಳಗೇ, ಎರಡು ಪುಟ ಮೀರದಂತೆ, ಆಯಾಸದ ವಿನ್ಯಾಸ, ಅತ್ತಿಗೆಯ ಮಾತು, ಕೇರಿಯ ಮಹಿಳೆಯ ಮಾತು ಇವುಗಳ ಜೊತೆಗೆ ಅದನ್ನು ಇಡಲು ಒತ್ತಾಯಿಸಿದೆ.

ಒಪ್ಪಿಗೆಯ ವಿಚಾರ ಅಷ್ಟು ಸರಳವಾಗಿ ಬಗೆಹರಿಯಲಿಲ್ಲ. ಕೇರಿಯ ಮಹಿಳೆ ತಮ್ಮ ಮನೆ ಯಾವುದೆಂದು ಗೊತ್ತಾಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಅವರ ಮನೆಯಲ್ಲಿ ಕುಡಿದದ್ದು ಟೀ ಅಲ್ಲ. ಅದನ್ನೂ ಇಲ್ಲಿ ಬದಲಿಸಿದ್ದೇನೆ. ಅತ್ತಿಗೆ, ತಾವು ಆಡಿದ್ದು ಅತ್ತೆಯ ಕಿವಿಗೆ ಬೀಳಬಾರದು ಎಂದರು. ಅವ್ವ ಅಧ್ಯಯನದ ಆರಂಭದಲ್ಲಿ, ಆಲೆಮನೆ ಮತ್ತು ಕೂಲಿಯ ಬಗ್ಗೆ ಬರೆಯಲು, ಮನಸಾರೆ ಒಪ್ಪಿಗೆ ಕೊಟ್ಟಿದ್ದರು. ಅವರ ಪ್ರೀತಿಯ ಬಗ್ಗೆ ಬರೆಯಲು ಯಾರೂ ಅವರನ್ನು ಕೇಳಿಲ್ಲ. ಕೇಳಬೇಕಾದರೆ ಅತ್ತಿಗೆಗೆ ಕೊಟ್ಟ ಮಾತನ್ನು ಮುರಿಯಬೇಕು, ಕೇರಿಯ ಮಹಿಳೆಯ ಕೆಲಸವನ್ನು ಅಪಾಯಕ್ಕೆ ಒಡ್ಡಬೇಕು. ಸದ್ಯಕ್ಕೆ ನಾವು ಮಾಡಿರುವುದು, ಸೀರೆ, ಅಕ್ಕಿ, ಹೆರಿಗೆಯ ಹೊತ್ತಿನ ನೆರವುಗಳನ್ನು ಈ ಒಂದು ಮನೆಯದೆಂದು ಹೇಳದೆ, ಸಂಶೋಧಕಿ ಮಾತಾಡಿಸಿದ ಬೇರೆ ಬೇರೆ ಆಲೆಮನೆಗಳ ಹೆಣ್ಣಾಳುಗಳು ಹೇಳಿದ್ದರೊಂದಿಗೆ ಸೇರಿಸಿ ಬರೆದಿರುವುದು. ಪ್ರಬಂಧ ಸಲ್ಲಿಕೆಯಾದ ಮೇಲೆ ಕೂಲಿಯ ಅಧ್ಯಾಯದ ಮುಖ್ಯ ಅಂಶಗಳನ್ನು ಅವ್ವನಿಗೆ ಓದಿ ಹೇಳುವುದಾಗಿ ಸಂಶೋಧಕಿ ಹೇಳಿದ್ದಾರೆ. ಯಾವ ಭಾಗಗಳನ್ನು ಓದಬೇಕು ಎಂಬುದನ್ನು ಅವರು ಅತ್ತಿಗೆಯ ಜೊತೆ, ಕೇರಿಯ ಆ ಮಹಿಳೆಯ ಜೊತೆ ಕೂತು ತೀರ್ಮಾನಿಸುತ್ತಿದ್ದಾರೆ.